ಏಪ್ರಿಲ್ ಬಿಸಿಲಲ್ಲಿ ಟೆರೇಸ್ ಪಾರ್ಟಿ, ಹತ್ತು ಸಾವಿರದೊಳಗೆ ರೆಡ್ಡು ವೈಟು ವೈನ್ ಯಾವ್ದು ತರೋದು?

ಒಂಟಿಕೊಪ್ಪಲ್_ಹುಡ್ಗ

ಎಲ್ರಿಗೂ ನಮಸ್ಕಾರ, ಒಂದ್ ಹೆಲ್ಪ್ ಬೇಕಿತ್ತು. ಏಪ್ರಿಲ್ ಎರಡನೇ ಶನಿವಾರ ನಮ್ ಹತ್ತನೇ ಆನಿವರ್ಸರಿ, ಮೈಸೂರಲ್ಲಿ ನಮ್ಮನೆ ಟೆರೇಸ್ ಮೇಲೇ ಮಾಡೋಣ ಅಂತಿದೀವಿ. ಮಕ್ಕಳು ಬಿಟ್ಟು 24 ಜನ. ನಾನು ಮೊದಲಿಂದ ಬಿಯರ್ ಆಸಾಮಿ, ಈ ಸಲ ಹೆಂಡ್ತಿ "ಎಣ್ಣೆ ಪಾರ್ಟಿ ಥರ ಬೇಡ, ವೈನ್ ಇಡೋಣ, ಡೀಸೆಂಟಾಗಿರುತ್ತೆ" ಅಂದ್ಲು, ನಾನೂ ಯೋಚ್ನೆ ಮಾಡ್ದೆ ಹೂಂ ಅಂದ್ಬಿಟ್ಟೆ.

ನಿನ್ನೆ ಅಂಗಡಿಗೆ ಹೋಗಿದ್ದೆ. ಬೋರ್ಡಲ್ಲಿ ದೊಡ್ಡದಾಗಿ ವೈನ್ಸ್ ಅಂತ ಇದೆ, ಒಳಗೆ ಬರೀ ವಿಸ್ಕಿ ರಮ್ಮು ಬ್ರಾಂದಿ. ವೈನ್ ಇದ್ಯಾ ಅಂದಿದ್ದಕ್ಕೆ ಹುಡುಗ ನನ್ನ ಮುಖ ಒಂದ್ಸಲ ನೋಡಿ, ಸ್ಟೂಲ್ ಹಾಕ್ಕೊಂಡು ಸೀಲಿಂಗ್ ಹತ್ರ ಇದ್ದ ಶೆಲ್ಫಿಂದ ಎರಡು ಬಾಟ್ಲಿ ಇಳಿಸಿ ಶರ್ಟಿಗೇ ಧೂಳು ಒರೆಸಿ ಕೌಂಟರ್ ಮೇಲಿಟ್ಟ. ಒಂದು 650, ಇನ್ನೊಂದು 1,900. ಯಾಕಣ್ಣ ಇಷ್ಟು ವ್ಯತ್ಯಾಸ ಅಂದ್ರೆ "ಇದು ಫಾರಿನ್ನು ಸಾರ್" ಅಂದ. ಅಷ್ಟೇ ಉತ್ತರ. ತಗೊಳ್ದೆ ವಾಪಸ್ ಬಂದೆ.

ಬಜೆಟ್ ಹತ್ತು ಸಾವಿರ, ಗ್ಲಾಸು ಐಸು ಬಿಟ್ಟು. ಊಟಕ್ಕೆ ಮಸಾಲೆ ವಡೆ, ಗೋಬಿ ಮಂಚೂರಿ, ಚಿಕನ್ ಕಬಾಬ್, ತವಾ ಫಿಶ್, ಆಮೇಲೆ ದೊನ್ನೆ ಬಿರಿಯಾನಿ. ಹೆಂಡ್ತಿ ಕಡೆಯೋರು ಮಡಿಕೇರಿಯಿಂದ ಪಂದಿ ಕರಿ ಮಾಡ್ಕೊಂಡು ಬರ್ತಾರೆ. ಎಷ್ಟು ಬಾಟ್ಲಿ ಬೇಕು, ಯಾವ್ದು ತಗೋಬೇಕು, ರೆಡ್ ಎಷ್ಟು ವೈಟ್ ಎಷ್ಟು? ಸ್ವಲ್ಪ ಬಿಡಿಸಿ ಹೇಳಿ, ನನಗೆ ಏನೂ ಗೊತ್ತಿಲ್ಲ ಅನ್ಕೊಂಡೇ ಹೇಳಿ.

ಲೆಕ್ಕದ_ಪುಸ್ತಕ

ಮೊದ್ಲು ತಲೆ ಎಣಿಸಿ. 24ರಲ್ಲಿ ನಿಜವಾಗ್ಲೂ ವೈನ್ ಕುಡಿಯೋರು ಎಷ್ಟು? ನಮ್ ಕಡೆ ಪಾರ್ಟಿಗಳಲ್ಲಿ ಅರ್ಧ ಜನ ಮುಟ್ಟಲ್ಲ, ಉಳಿದೋರಲ್ಲಿ ನಾಲ್ಕು ಜನ ಮಾವಂದಿರು "ದ್ರಾಕ್ಷಿ ರಸ ಎಲ್ಲಾ ಬೇಡಪ್ಪ, ವಿಸ್ಕಿ ಇದ್ಯಾ" ಅಂತಾನೇ ಬರ್ತಾರೆ. ಹತ್ತು ಜನ ಅಂತ ಇಟ್ಕೊಳ್ಳಿ. 750 ಎಂಎಲ್ ಬಾಟ್ಲೀಲಿ 150 ಎಂಎಲ್ಲಿನ ಐದು ಗ್ಲಾಸ್ ಬರುತ್ತೆ. ಮೂರು ನಾಲ್ಕು ಗಂಟೆ ಪಾರ್ಟಿಗೆ ತಲಾ ಮೂರು ಗ್ಲಾಸ್, ಅಂದ್ರೆ 30 ಗ್ಲಾಸ್, ಆರು ಬಾಟ್ಲಿ. "ಸುಮ್ನೆ ಟೇಸ್ಟ್ ನೋಡ್ತೀನಿ" ಅಂತ ಬರೋ ಜನ ಇರ್ತಾರಲ್ಲ ಅವ್ರಿಗೆ ಎರಡು ಸೇರ್ಸಿ. ಎಂಟು. ಬಜೆಟ್ಟಲ್ಲಿ ಒಂದಕ್ಕೆ 1,200 ತನಕ ಹಾಕ್ಬಹುದು, ಅಷ್ಟರಲ್ಲಿ ಆರಾಮಾಗಿ ಚೆನ್ನಾಗಿರೋದೇ ಸಿಗುತ್ತೆ.

ಫಾರಿನ್ನು ಅಂತ ಅವ್ನು ಹೇಳಿದ ಬಾಟ್ಲಿ ಬಗ್ಗೆ. ಹೊರಗಿಂದ ಬರೋ ವೈನ್ ಮೇಲೆ ನಮ್ಮಲ್ಲಿ ವರ್ಷಾನುಗಟ್ಲೆ 150 ಪರ್ಸೆಂಟ್ ಕಸ್ಟಮ್ಸ್ ಡ್ಯೂಟಿ ಇತ್ತು, ಅದರ ಮೇಲೆ ರಾಜ್ಯದ ಟ್ಯಾಕ್ಸ್ ಬೇರೆ. ಹಂಗಾಗಿ 1,900ರ ಇಂಪೋರ್ಟೆಡ್ ಬಾಟ್ಲಿ ಅಂದ್ರೆ ಅವ್ರ ಊರಲ್ಲಿ ಅದು ತೀರಾ ಸಾಮಾನ್ಯ ವೈನ್, ನೀವು ದುಡ್ಡು ಕೊಡ್ತಿರೋದು ಟ್ಯಾಕ್ಸಿಗೆ. ಅದೇ ಸಾವಿರದ ಆಸುಪಾಸು ಕೊಟ್ರೆ ನಂದಿ ಬೆಟ್ಟದ ಕಡೆಯದ್ದೋ ನಾಸಿಕ್‌ದೋ ಮರ್ಯಾದಸ್ಥ ಬಾಟ್ಲಿ ಬರುತ್ತೆ. ಇಂಡಿಯನ್ನೇ ತಗೊಳ್ಳಿ, ಕಣ್ಮುಚ್ಚಿ.

ದೊಡ್ಡಬಳ್ಳಾಪುರ_ತೋಟ

ನಮ್ ಚಿಕ್ಕಪ್ಪಂದಿರು ದ್ರಾಕ್ಷಿ ಬೆಳೀತಾರೆ, ವೈನರಿಗೂ ಒಂದಷ್ಟು ವರ್ಷ ಹಾಕಿದಾರೆ, ಹಂಗಾಗಿ ನಂಗೆ ತಿಳಿದಷ್ಟು ಹೇಳ್ತೀನಿ, ಉದ್ದ ಆದ್ರೆ ಬೈಕೋಬೇಡಿ.

ನಿಮ್ ಮೆನು ನೋಡಿದ್ರೆ ಎಲ್ಲಾ ಖಾರ, ಎಲ್ಲಾ ಕರಿದಿದ್ದು. ಇದಕ್ಕೆ ಗಟ್ಟಿ ರೆಡ್ ವೈನ್ ತಂದ್ರೆ ಕೆಡುತ್ತೆ. ಯಾಕೆ ಅಂದ್ರೆ ಒಗರು. ಇಂಗ್ಲಿಷಲ್ಲಿ ಟ್ಯಾನಿನ್ ಅಂತಾರಲ್ಲ ಅದೇ, ನಮ್ ಭಾಷೇಲಿ ಇದಕ್ಕೆ ಎಷ್ಟು ಒಳ್ಳೇ ಮಾತಿದೆ ನೋಡಿ, ಯಾರೂ ಬಳಸಲ್ಲ. ಹಸಿ ಅಡಿಕೆ ಕಚ್ಚಿದಾಗ, ನೇರಳೆ ಹಣ್ಣು ತಿಂದಾಗ ನಾಲಿಗೆ ಒಳಗೆ ಎಳ್ಕೊಂಡಂಗೆ ಆಗುತ್ತಲ್ಲ ಅದು. ದ್ರಾಕ್ಷಿ ತಿನ್ನುವಾಗ ಬೀಜ ಕಚ್ಚಿ ನೋಡಿ, ಗೊತ್ತಾಗುತ್ತೆ. ರೆಡ್ ವೈನ್ ಮಾಡುವಾಗ ಸಿಪ್ಪೆ ಬೀಜದ ಸಮೇತ ಹುಳಿ ಬರಿಸ್ತಾರೆ, ಬಣ್ಣನೂ ಒಗರೂ ಅಲ್ಲಿಂದ್ಲೇ ಬರೋದು. ವೈಟಿಗೆ ಮೊದಲೇ ಹಿಂಡಿ ರಸ ಬೇರೆ ಮಾಡ್ಬಿಡ್ತಾರೆ, ಹಂಗಾಗಿ ಒಗರು ಇರಲ್ಲ ಅನ್ನೋಷ್ಟು ಕಮ್ಮಿ. ಈ ಒಗರು ಖಾರದ ಮೇಲೆ ಬಿದ್ರೆ ಖಾರ ಇನ್ನೂ ಉರಿಯುತ್ತೆ, ವೈನು ಕಹಿ ಅನ್ಸುತ್ತೆ, ಆಲ್ಕೋಹಾಲ್ ಜಾಸ್ತಿ ಇದ್ರೆ ಬೆಂಕಿಗೆ ತುಪ್ಪ. ಜನ "ಥೂ ಇದೇನ್ ಕಷಾಯ" ಅಂತ ಗ್ಲಾಸ್ ಅಲ್ಲೇ ಇಟ್ಟು ಹೋಗ್ತಾರೆ. ತಪ್ಪು ವೈನಿಂದಲ್ಲ, ಕಬಾಬ್‌ದೂ ಅಲ್ಲ, ಜೋಡಿದು.

ಖಾರಕ್ಕೆ ಬೇಕಿರೋದು ತಣ್ಣಗೆ, ಸ್ವಲ್ಪ ಹುಳಿ, ಒಂಚೂರು ಸಿಹಿ. ಅದಕ್ಕೆ ಶೆನಿನ್ ಬ್ಲಾಂಕ್ ಅನ್ನೋ ವೈಟ್ ವೈನ್. ಹೆಸರು ನೋಡಿ ಹೆದರ್ಬೇಡಿ, ಅಂಗಡೀಲಿ ಚೆನಿನ್ ಅಂದ್ರೂ ಕೊಡ್ತಾರೆ. ಸುಲಾ ಕಂಪ್ನಿ ಶೆನಿನ್ ಎಲ್ಲಾ ಕಡೆ ಸಿಗುತ್ತೆ, ಲೈಟಾಗಿ ಸಿಹಿ ಇರುತ್ತೆ, ಫಸ್ಟ್ ಟೈಮ್ ಕುಡಿಯೋರಿಗೂ ಹಿಡ್ಸುತ್ತೆ. ತವಾ ಫಿಶ್ಶಿಗೆ ನಿಂಬೆಹಣ್ಣು ಹಿಂಡ್ತೀವಲ್ಲ ಆ ಕೆಲಸಕ್ಕೆ ಸಾವಿನ್ಯಾನ್ ಬ್ಲಾಂಕ್, ಅದು ಸಿಹಿ ಇಲ್ಲ, ಹಸಿ ಹುಲ್ಲು ಸೀಬೆಕಾಯಿ ಥರ ವಾಸನೆ. ಗ್ರೋವರ್‌ನೋರ ಆರ್ಟ್ ಕಲೆಕ್ಷನ್ ಅಂತ ಬರುತ್ತೆ, ಅದರಲ್ಲಿ ತಗೋಬಹುದು, ಬಿಗ್ ಬನ್ಯನ್‌ದೂ ಪರ್ವಾಗಿಲ್ಲ.

ರೆಡ್ ಪಂದಿ ಕರಿಗೆ ಬೇಕೇ ಬೇಕು. ಕಾಚಂಪುಳಿ ಹುಳಿ, ಹುರಿದ ಮೆಣಸು, ಕೊಬ್ಬು, ಅದಕ್ಕೆ ಶಿರಾಜ್ ಅನ್ನೋ ದ್ರಾಕ್ಷಿ ವೈನ್ ಬಿಟ್ರೆ ಬೇರೆ ಇಲ್ಲ, ಶಿರಾಜಲ್ಲೇ ಮೆಣಸಿನ ಘಮ ಇರುತ್ತೆ. ಕೊಬ್ಬು ಇದ್ದಾಗ ಒಗರು ಮೆತ್ತಗಾಗುತ್ತೆ. ಗ್ರೋವರ್‌ನೋರ ಕ್ಯಾಬರ್ನೆ ಶಿರಾಜ್ ತಗೊಳ್ಳಿ, ಆರ್ಟ್ ಕಲೆಕ್ಷನ್ನೇ ಸಾಕು, ಲಾ ರಿಸರ್ವ್ ಬೇಡ. ಅದು ಓಕ್ ಪೀಪಾಯೀಲಿಟ್ಟಿದ್ದು, ರೇಟೂ ಜಾಸ್ತಿ, ಬಿರಿಯಾನಿ ಮಧ್ಯೆ ಯಾರಿಗೂ ಗೊತ್ತಾಗಲ್ಲ. ನನ್ ಲೆಕ್ಕ: ಶೆನಿನ್ ಮೂರು, ಸಾವಿನ್ಯಾನ್ ಎರಡು, ರೆಡ್ ಮೂರು.

ಇನ್ನೊಂದು ಮಾತು. ಆ ಸೀಲಿಂಗ್ ಶೆಲ್ಫ್ ಬಾಟ್ಲಿ ಬಿಟ್ಟು ಬಂದ್ರಲ್ಲ, ಒಳ್ಳೇದೇ ಆಯ್ತು. ಶೀಟ್ ಮಾಡಿನ ಕೆಳಗೆ ಎರಡು ಬೇಸಿಗೆ ಕಳ್ದಿರೋ ವೈನು ಬೆಂದು ಹೋಗಿರುತ್ತೆ. ಬಾಟ್ಲಿ ಹಿಂದೆ ವರ್ಷ ನೋಡಿ. ನಮ್ಮಲ್ಲಿ ವೈನ್ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್ ಒಳಗೆ. ಈ ರೇಟಿನ ವೈಟ್ ಹೊಸದಿದ್ದಷ್ಟೂ ಒಳ್ಳೇದು, ಎರಡು ವರ್ಷ ದಾಟಿದ್ರೆ ಬಿಡಿ. ಹಳೇದಾದಷ್ಟೂ ರುಚಿ ಅನ್ನೋದು ಈ ಬಾಟ್ಲಿಗಳಿಗಲ್ಲ. ಬೆಳಕಿಗೆ ಹಿಡಿದಾಗ ವೈಟ್ ವೈನ್ ಕಂದು ಹೊಡೀತಿದ್ರೆ, ಕಾರ್ಕ್ ಮೇಲೆದ್ದು ಅಂಟಂಟಾಗಿದ್ರೆ ವಾಪಸ್ ಇಟ್ಬಿಡಿ.

ಬಾರ್_ಕೌಂಟರ್_ಬಸ್ಯಾ

ಇಷ್ಟೆಲ್ಲಾ ಯಾಕ್ ಗುರೂ. 24 ಜನಕ್ಕೆ ನಾಲ್ಕು ಪೋರ್ಟ್ ವೈನ್ ತಗೊಂಡ್ಹೋಗು, ಒಂದೊಂದು ಐದಾರು ನೂರಿಗೆ ಬರುತ್ತೆ, ಸಿಹಿ ಇರುತ್ತೆ, ಹೆಂಗಸ್ರೂ ಖುಷಿ ನಾವೂ ಖುಷಿ. ಉಳಿದ ದುಡ್ಡಲ್ಲಿ ಒಂದು ಫುಲ್ ಓಲ್ಡ್ ಮಾಂಕ್.

ದೊಡ್ಡಬಳ್ಳಾಪುರ_ತೋಟ

@ಬಸ್ಯಾ ಅದೂ ಒಂದು ದಾರಿನೇ, ನಗಲ್ಲ ನಾನು. ಆದ್ರೆ ನಮ್ ಪೋರ್ಟ್ ಅನ್ನೋದು ಪೋರ್ಚುಗಲ್ ಪೋರ್ಟ್ ಅಲ್ಲ, ಹೆಸರಷ್ಟೇ. ಅಲ್ಲಿಯದ್ದಕ್ಕೆ ಹುಳಿ ಬರೋವಾಗ್ಲೇ ಬ್ರಾಂದಿ ಥರದ್ದು ಸೇರ್ಸಿ ನಿಲ್ಲಿಸ್ತಾರೆ, ಅದರ ಕಥೆನೇ ಬೇರೆ. ನಮ್ ಕಡೆ ಸಿಹಿ ವೈನಿಗೆ ಬೆಂಗಳೂರು ಬ್ಲೂ ದ್ರಾಕ್ಷಿ ಜಾಸ್ತಿ ಹೋಗುತ್ತೆ. ದೇವನಹಳ್ಳಿ ಚಿಕ್ಕಬಳ್ಳಾಪುರ ಕಡೆ ರಸ್ತೆ ಬದೀಲಿ ಬುಟ್ಟೀಲಿಟ್ಟು ಮಾರ್ತಾರಲ್ಲ ಕಪ್ಪಗೆ, ಸಿಪ್ಪೆ ದಪ್ಪ, ಬೀಜ ಇರೋದು, ಅದೇ. 2013ರಲ್ಲಿ ಜಿಐ ಟ್ಯಾಗೂ ಬಂತು ಅದಕ್ಕೆ. ತಿನ್ನೋಕೆ ಜ್ಯೂಸಿಗೆ ನನ್ ಪ್ರಕಾರ ಅದರಷ್ಟು ಘಮ ಯಾವ್ದಕ್ಕೂ ಇಲ್ಲ, ವೈನ್ ಮಾಡಿದ್ರೆ ಮಾತ್ರ ಆ ಘಮನೇ ಜಾಸ್ತಿಯಾಗಿ ರಸ್ನಾ ಕುಡಿದಂಗಿರುತ್ತೆ. ಊಟದ ಜೊತೆ ಎರಡನೇ ಗ್ಲಾಸ್ ಹೋಗಲ್ಲ. ಒಂದು ಬಾಟ್ಲಿ ತಂದಿಡಿ, ಕೇಳೋರು ಇರ್ತಾರೆ. ಅತ್ತೆಯಂದ್ರು ಮುಖ್ಯವಾಗಿ.

ಕಡಲ_ತಡಿ

ಮಾರಾಯ್ರೆ ಎಲ್ಲರೂ ಬ್ರಾಂಡು ಬ್ರಾಂಡು ಅಂತ ಮಾತಾಡ್ತೀರಿ, ಏಪ್ರಿಲಲ್ಲಿ ಟೆರೇಸ್ ಮೇಲೆ ಅಂತ ಯಾರೂ ಗಮನಿಸಲೇ ಇಲ್ಲ. ನಾವು ಮಂಗಳೂರಲ್ಲಿ ಸೆಕೆಯಲ್ಲೇ ಪಾರ್ಟಿ ಮಾಡಿದವರು, ನನ್ನ ಅನುಭವ ಹೇಳ್ತೇನೆ. ತಂಪು ಸರಿ ಇದ್ರೆ 800ರ ವೈನೂ ಚಂದ, ಬಿಸಿ ಆದ್ರೆ 3,000ದ್ದೂ ಬರೀ ಕಷಾಯ.

ಕಳೆದ ವರ್ಷ ನಮ್ಮ ಮನೆ ಕ್ರಿಸ್ಮಸ್‌ಗೆ ಅಣ್ಣ ಒಳ್ಳೆ ರೆಡ್ ತಂದಿದ್ದ, "ರೆಡ್ ವೈನ್ ರೂಮ್ ಟೆಂಪರೇಚರಲ್ಲೇ ಕೊಡ್ಬೇಕು" ಅಂತ ಎಲ್ಲೋ ಓದಿ ಮೇಜಿನ ಮೇಲೆ ಇಟ್ಟ. ಆ ರೂಮು ಅಂದ್ರೆ ಯುರೋಪಿನ ಹಳೆ ಕಲ್ಲಿನ ಮನೆ, 16-18 ಡಿಗ್ರಿ. ನಮ್ಮದು 30. ಒಂದು ಗುಟುಕು ಕುಡಿದ ಕೂಡ್ಲೇ ಮೂಗಿಗೆ ಸ್ಪಿರಿಟ್ ಹೊಡೆದ ಹಾಗೆ, ಯಾರೂ ಮುಟ್ಲಿಲ್ಲ. ಮರುದಿನ ಅಮ್ಮ ಅದೇ ಬಾಟ್ಲಿಯನ್ನು ಫ್ರಿಜ್ಜಿಂದ ತೆಗೆದು ಕೊಟ್ರು, ಬೇರೆ ವೈನ್ ಅಂತ ಅಂದ್ಕೊಂಡೆವು.

ಆದ ಕಾರಣ ರೆಡ್ಡನ್ನೂ ಫ್ರಿಜ್ಜಲ್ಲಿ ಇಡಿ, ಕೊಡುವ ಮೊದಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ವೈಟಿಗೆ ಮೂರು ಗಂಟೆಯಾದ್ರೂ ಬೇಕು, 8-10 ಡಿಗ್ರಿಗೆ ಬರ್ಬೇಕು. ಪಾರ್ಟಿ ದಿವಸ ಫ್ರಿಜ್ಜಲ್ಲಿ ಜಾಗ ಎಲ್ಲಿ ಉಂಟು, ಕೇಕು ಮೊಸರು ಮ್ಯಾರಿನೇಟ್ ಮಾಡಿದ ಕೋಳಿ ತುಂಬಿರ್ತದೆ. ಅದಕ್ಕೆ ದೊಡ್ಡ ಪಾತ್ರೆಗೆ ಐಸು ಹಾಕಿ, ಐಸಿನಷ್ಟೇ ನೀರು ಹಾಕಿ, ಎರಡು ಹಿಡಿ ಕಲ್ಲುಪ್ಪು ಹಾಕಿ. ಬರೀ ಐಸಲ್ಲಿ ಬಾಟ್ಲಿ ನಿಲ್ಲಿಸಿದ್ರೆ ಅಲ್ಲಲ್ಲಿ ಮಾತ್ರ ತಾಗ್ತದೆ, ನೀರು ಇದ್ರೆ ಕುತ್ತಿಗೆ ತನಕ ಸುತ್ತ ಹಿಡೀತದೆ, ಉಪ್ಪಿಂದ ನೀರು ಸೊನ್ನೆಗಿಂತ ಕೆಳಗೆ ಹೋಗ್ತದೆ. 20 ನಿಮಿಷ ಸಾಕು. ಫ್ರೀಜರಲ್ಲಿ ಇಟ್ಟು ಮಾತ್ರ ಮರೀಬೇಡಿ, ಒಡೆದು ಬಟಾಣಿ ಪ್ಯಾಕೆಟ್ ಮೇಲೆಲ್ಲ ಗಾಜು ತೆಗೆದವ ನಾನು.

ಪ್ಲಾಸ್ಟಿಕ್ ಕಪ್ ಬೇಡ. ಶಾಮಿಯಾನದವರ ಹತ್ರ ಅಥವಾ ಕೇಟರಿಂಗಿನವರ ಹತ್ರ ಗ್ಲಾಸ್ ಬಾಡಿಗೆಗೆ ಸಿಗ್ತದೆ. ಮತ್ತೆ ಗ್ಲಾಸ್ ತುಂಬಾ ಹೊಯ್ಬೇಡಿ, ಮೂರರಲ್ಲಿ ಒಂದು ಭಾಗ ಸಾಕು, ಬಿಸಿ ಆಗುವ ಮೊದಲು ಖಾಲಿ ಆಗ್ಬೇಕು.

ಬಿಜಾಪುರ_ಬಿಸಿಲು

ನಮ್ ಕಡೆ ದ್ರಾಕ್ಷಿ ಬಾಳ ಬೆಳಿತೀವ್ರಿ, ಆದ್ರ ಎಲ್ಲಾ ಥಾಮ್ಸನ್ ಸೀಡ್‌ಲೆಸ್, ಮಣೂಕ (ಒಣದ್ರಾಕ್ಷಿ) ಮಾಡೂದು. ವೈನ್ ಕುಡಿಯೂ ಮಂದಿ ಕಡಿಮಿ. ನಾ ಒಂದ ಮಾತ ಹೇಳ್ತೀನ್ರಿ: ಕಾರ್ಕ್ ತಗಿಯೂದು ಇಟ್ಕೊಂಡೀರೇನು? ನಮ್ಮ ತಂಗಿ ಮನ್ಯಾಗ ರಾತ್ರಿ ಒಂಬತ್ತಕ್ಕ ಗೊತ್ತಾತ್ರಿ ಇಲ್ಲಂತ. ಸ್ಕ್ರೂ ಡ್ರೈವರ್ ಹಾಕಿ ಕಾರ್ಕ್ ಒಳಗ ದಬ್ಬಿ, ಅರ್ಧ ವೈನ್ ಅಳಿಯನ ಬಿಳಿ ಅಂಗಿಗೆ ಹೋತು, ಉಳಿದಿದ್ದು ಚಾ ಸೋಸೂದ್ರಾಗ ಸೋಸಿ ಕುಡದ್ವಿ. ತಿರುವೂ ಮುಚ್ಚಳದ್ದು ತಗೊಳ್ರಿ, ಸುಲಾದಾಗ ಬಾಳಷ್ಟು ತಿರುವೂದ ಅದಾವು. ತಿರುವೂ ಮುಚ್ಚಳ ಅಂದ್ರ ಅಗ್ಗದ್ದು ಅಂತಿಲ್ರಿ.

ಒಂಟಿಕೊಪ್ಪಲ್_ಹುಡ್ಗ

ಅಬ್ಬಾ ಎಷ್ಟೊಂದು ವಿಷ್ಯ, ಎಲ್ರಿಗೂ ಥ್ಯಾಂಕ್ಸ್. ಒಗರು ಅಂದಿದ್ದು ಪಟ್ ಅಂತ ತಲೆಗೆ ಹೋಯ್ತು, ಎರಡು ವರ್ಷದ ಹಿಂದೆ ಫ್ರೆಂಡ್ ಮದುವೇಲಿ ಕುಡಿದ ರೆಡ್ ವೈನ್ ಯಾಕೆ ಸೇರ್ಲಿಲ್ಲ ಅಂತ ಈಗ ಅರ್ಥ ಆಯ್ತು, ಬಾಯಲ್ಲಿ ಮಿರ್ಚಿ ಬಜ್ಜಿ ಇತ್ತು. ಎರಡು ಡೌಟ್. ಒಂದು, ನಾದಿನಿ ಪ್ಯೂರ್ ವೆಜ್, ಮೊಟ್ಟೆನೂ ತಿನ್ನಲ್ಲ, ವೈನಲ್ಲಿ ಮೊಟ್ಟೆ ಹಾಕ್ತಾರೆ ಅಂತ ಯಾರೋ ಹೇಳಿದ್ರಂತೆ, ನಿಜನಾ? ಎರಡು, ಪರ್ಮಿಷನ್ ಏನಾದ್ರೂ ಬೇಕಾ?

ಲೆಕ್ಕದ_ಪುಸ್ತಕ

ಮೊಟ್ಟೆ ವಿಷ್ಯ ಪೂರ್ತಿ ಸುಳ್ಳಲ್ಲ. ವೈನ್ ತಿಳಿ ಮಾಡೋಕೆ ಕೆಲವರು ಮೊಟ್ಟೆ ಬಿಳಿ, ಹಾಲಿನ ಕೇಸೀನ್, ಮೀನಿಂದ ಬರೋ ಒಂದು ಅಂಟು ಬಳಸ್ತಾರೆ, ಕೆಲವರು ಬೆಂಟೊನೈಟ್ ಅನ್ನೋ ಜೇಡಿಮಣ್ಣು. ಅದು ಕಸ ಹಿಡ್ಕೊಂಡು ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಬೇರೆ ಮಾಡ್ತಾರೆ. ಬಾಟ್ಲಿ ಹಿಂದೆ ಹಸಿರು ಚುಕ್ಕಿ ಇರೋದು ನೋಡಿ ತಗೊಳ್ಳಿ, ನಾದಿನಿಗೆ ಅದನ್ನೇ ತೋರ್ಸಿ.

ಮನೇಲಿ ಸ್ವಂತಕ್ಕೆ ಎಂಟು ಬಾಟ್ಲಿ, ದುಡ್ಡು ತಗೊಳ್ದೆ ನೆಂಟರಿಗೆ ಕೊಡೋದಕ್ಕೆ ತಲೆ ಕೆಡಿಸ್ಕೋಬೇಡಿ, ಬಿಲ್ ಇಟ್ಕೊಳ್ಳಿ. ಹಾಲ್ ಬುಕ್ ಮಾಡಿ ಕುಡಿಸೋದಾದ್ರೆ ಮಾತ್ರ ಅಬಕಾರಿಯೋರ ಹತ್ರ ಒಂದು ದಿನದ ಸಿಎಲ್-5 ಲೈಸೆನ್ಸ್ ಮಾಡಿಸ್ಬೇಕು. ಎಲೆಕ್ಷನ್ ಗಿಲೆಕ್ಷನ್ ಇದ್ರೆ ಡ್ರೈ ಡೇ ನೋಡ್ಕೊಂಡು ಮೊದಲೇ ತಂದಿಡಿ. ಮತ್ತೆ ಸಿಎಲ್-2 ಅಂದ್ರೆ ಸೀಲ್ ಬಾಟ್ಲಿ ಮಾರೋ ಅಂಗಡೀಲಿ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ಕೊಡ್ಬೇಡಿ, ಕೂಲಿಂಗ್ ಚಾರ್ಜ್ ಅಂತ ಶುರು ಮಾಡ್ತಾರೆ.

ಬೆಂಗಳೂರಿಗೆ ಓಡಾಡೋದಿದ್ರೆ ಚನ್ನಪಟ್ಟಣದ ಹತ್ರ ಸುಲಾದೋರ ವೈನರಿ ಡೊಮೇನ್ ಸುಲಾ ಇದೆ, ಟೇಸ್ಟ್ ಮಾಡಿ ತಗೋಬಹುದು. ಹೊಸ ಎಕ್ಸ್‌ಪ್ರೆಸ್‌ವೇ ಹಿಡಿದ್ರೆ ಚನ್ನಪಟ್ಟಣನೇ ಸಿಗಲ್ಲ, ಹಳೇ ರಸ್ತೆಗೆ ಇಳೀರಿ. ಡ್ರೈವ್ ಮಾಡೋರು ಬಿಟ್ಟು ಬೇರೆಯೋರು ಟೇಸ್ಟ್ ಮಾಡ್ಲಿ.

ಮೆಲ್ಬರ್ನ್_ಮಂಜ

ಇಲ್ಲಿ ನಾವು ಯುಗಾದಿ ಗೆಟ್‌ಟುಗೆದರ್‌ಗೆ ನಾಲ್ಕು ಲೀಟರಿನ ಕ್ಯಾಸ್ಕ್ ತರ್ತೀವಿ, ರಟ್ಟಿನ ಡಬ್ಬ, ಒಳಗೆ ಚೀಲ, ನಲ್ಲಿ ತಿರುವಿದ್ರೆ ವೈನ್. ಆ ಡಬ್ಬ ಕಂಡುಹಿಡಿದಿದ್ದೇ ಆಸ್ಟ್ರೇಲಿಯಾದೋರು, 1965ರಲ್ಲಿ. 2022ರ ಕೊನೇಲಿ ಇಂಡಿಯಾ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ ಜಾರಿ ಆದ್ಮೇಲೆ ಇಲ್ಲಿಯ ವೈನಿಗೆ ಇಂಡಿಯಾದಲ್ಲಿ ಡ್ಯೂಟಿ ಕಮ್ಮಿ ಆಗಿದೆ, ಆದ್ರೆ ಬಾಟ್ಲಿಗೆ 5 ಅಮೆರಿಕನ್ ಡಾಲರ್ ಮೇಲಿನ ಬೆಲೆ ಇದ್ರೆ ಮಾತ್ರ, ಅಗ್ಗದ್ದಕ್ಕೆ ಸಿಗಲ್ಲ. ಸೋ ನಿಮಗೆ ಸದ್ಯಕ್ಕೆ ಪ್ರಯೋಜನ ಇಲ್ಲ. ಊರಿಗೆ ಬಂದಾಗ ನಾನೇ ಸುಲಾ ಕುಡಿಯೋದು.

ಒಂಟಿಕೊಪ್ಪಲ್_ಹುಡ್ಗ

ಅಪ್‌ಡೇಟ್. ಪಾರ್ಟಿ ಆಯ್ತು, ಇವತ್ತು ಸೋಮವಾರ, ಈಗ ಸ್ವಲ್ಪ ತಲೆ ನೆಟ್ಟಗಿದೆ.

ತಂದಿದ್ದು: ಸುಲಾ ಶೆನಿನ್ ಮೂರು, ಸಾವಿನ್ಯಾನ್ ಬ್ಲಾಂಕ್ ಎರಡು, ಗ್ರೋವರ್ ಕ್ಯಾಬರ್ನೆ ಶಿರಾಜ್ ಮೂರು, ಬಸ್ಯಾ ಅಣ್ಣನ ಮಾತಿಗೆ ಒಂದು ಪೋರ್ಟ್. ಎಲ್ಲಾ ಸೇರಿ ಒಂಬತ್ತೂವರೆ ಸಾವಿರದೊಳಗೇ ಮುಗೀತು. ಬೇರೆ ಅಂಗಡಿಗೆ ಹೋಗಿದ್ದೆ, ಅಲ್ಲಿ ಎಸಿ ಇತ್ತು, ವರ್ಷ ನೋಡಿದ್ದಕ್ಕೆ ಕೌಂಟರಲ್ಲಿದ್ದೋರು "ಸಾರ್ ನೀವು ವೈನರಿಯೋರಾ" ಅಂದ್ರು. ಎದೆ ಎರಡಿಂಚು ಉಬ್ಬಿತು.

ಐಸಿಗೆ ದೊಡ್ಡ ಪಾತ್ರೆ ಇರ್ಲಿಲ್ಲ, ಅಟ್ಟದ ಮೇಲೆ ಅಜ್ಜಿ ಕಾಲದ ತಾಮ್ರದ ಹಂಡೆ ಇತ್ತು, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ ಟೆರೇಸಿಗೆ ಹೊತ್ಕೊಂಡೋಗಿ ಐಸು ನೀರು ಕಲ್ಲುಪ್ಪು ಹಾಕಿ ಐದೂ ವೈಟ್ ಮುಳುಗಿಸ್ದೆ. ಬಂದೋರೆಲ್ಲ ಅದರ ಮುಂದೆ ನಿಂತು ಸೆಲ್ಫಿ. ಆದ್ರೆ ಒಂದು ಗಂಟೆ ಆದ್ಮೇಲೆ ನೋಡ್ತೀನಿ, ಲೇಬಲ್ ಎಲ್ಲಾ ನೆಂದು ಬಿಟ್ಕೊಂಡು ನೀರಲ್ಲಿ ತೇಲ್ತಿದೆ! ಕಾಗದ ಒಂದ್ಕಡೆ ಬಾಟ್ಲಿ ಒಂದ್ಕಡೆ. ಯಾವ್ದು ಶೆನಿನ್ ಯಾವ್ದು ಸಾವಿನ್ಯಾನ್ ದೇವ್ರಾಣೆ ಗೊತ್ತಾಗ್ಲಿಲ್ಲ. ಕೊನೆಗೆ ಹೆಂಡ್ತಿ ಒಂದೊಂದು ಗುಟುಕು ಕುಡಿದು "ಇದು ಸಿಹಿದು, ಇದು ಸೀಬೆಕಾಯಿದು" ಅಂತ ವಿಂಗಡಿಸಿ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿದ್ಲು. ಕರೆಕ್ಟಾಗಿತ್ತು ಅನ್ಸುತ್ತೆ, ಯಾಕಂದ್ರೆ ಸೀಬೆಕಾಯಿದು ಫಿಶ್ ಹತ್ರ ಖಾಲಿ ಆಯ್ತು, ಸಿಹಿದು ಗೋಬಿ ಹತ್ರ.

ವೈಟ್ ಐದೂ ಒಂಬತ್ತು ಗಂಟೆಗೇ ಖತಂ. ಇನ್ನೆರಡು ಬೇಕಿತ್ತು. ಪೋರ್ಟನ್ನ ನಮ್ ದೊಡ್ಡತ್ತೆ ಒಬ್ರೇ ಪಕ್ಕದಲ್ಲಿ ಇಟ್ಕೊಂಡು ಸ್ಟೀಲ್ ಲೋಟದಲ್ಲಿ ಕುಡಿದ್ರು, ಯಾರಿಗೂ ಕೊಡ್ಲಿಲ್ಲ. ರೆಡ್ಡು ಪಂದಿ ಕರಿ ಬರೋ ತನಕ ಯಾರೂ ಕೇಳ್ಲಿಲ್ಲ, ಆಮೇಲೆ ಒಂದೂವರೆ ಬಾಟ್ಲಿ ಹೋಯ್ತು, ಮಡಿಕೇರಿ ಮಾವ ಫ್ರಿಜ್ಜಿಂದ ತೆಗೆದಿದ್ದು ನೋಡಿ ಮೊದ್ಲು ಗೊಣಗಿದ್ರು, ಮೂರನೇ ಗ್ಲಾಸ್ ಹೊತ್ತಿಗೆ ಏನೂ ಹೇಳ್ಲಿಲ್ಲ. ನಾದಿನಿಗೆ ಹಸಿರು ಚುಕ್ಕಿ ತೋರ್ಸೋಣ ಅಂದ್ರೆ ಅದೂ ಹಂಡೇಲಿ ತೇಲ್ತಿತ್ತು, ಪುಣ್ಯಕ್ಕೆ ಅಂಗಡೀಲಿ ಫೋಟೋ ತೆಗ್ದಿದ್ದೆ.

ಈಗ ಒಂದು ರೆಡ್ ಸೀಲ್ ಇದೆ, ಇನ್ನೊಂದು ಅರ್ಧ ಉಳಿದಿದೆ. ಶನಿವಾರ ತೆಗೆದಿದ್ದು, ಮುಚ್ಚಳ ಹಾಕಿ ಫ್ರಿಜ್ಜಲ್ಲಿಟ್ಟಿದೀನಿ. ಕುಡೀಬಹುದಾ?

ದೊಡ್ಡಬಳ್ಳಾಪುರ_ತೋಟ

ಲೇಬಲ್ ವಿಷ್ಯ ಹೇಳ್ಬೇಕಿತ್ತು, ತಪ್ಪಾಯ್ತು. ಇವತ್ತು ರಾತ್ರಿ ಕುಡಿದ್ಬಿಡಿ, ಫ್ರಿಜ್ಜಲ್ಲಿ ಎರಡು ಮೂರು ದಿನ ಪರ್ವಾಗಿಲ್ಲ, ಆಮೇಲೆ ವಿನೆಗರ್ ಕಡೆ ತಿರುಗುತ್ತೆ. ಬೇಡ ಅನ್ಸಿದ್ರೆ ಮಟನ್ ಫ್ರೈ ಮಾಡುವಾಗ ಒಂದು ಲೋಟ ಸುರೀರಿ. ಸೀಲ್ ಇರೋದನ್ನ ಗ್ಯಾಸ್ ಸ್ಟವ್ ಮೇಲಿನ ಕಪಾಟಲ್ಲಿ ಇಡ್ಬೇಡಿ ಮತ್ತೆ, ಮಂಚದ ಕೆಳಗೆ ಮಲಗಿಸಿ.

ಕಡಲ_ತಡಿ

ಅದೆಲ್ಲ ಇರಲಿ, ಹಂಡೆ ಎಷ್ಟು ದೊಡ್ಡದು? ಉಪ್ಪು ನೀರು ಹಾಕಿ ಇಟ್ಟಿದ್ದೀರಲ್ಲ, ತೊಳೆದ್ರಾ ಇಲ್ವಾ? ತಾಮ್ರ ಹಸಿರು ಹಿಡೀತದೆ ಮಾರಾಯ್ರೆ.

ಒಂಟಿಕೊಪ್ಪಲ್_ಹುಡ್ಗ

ಅಯ್ಯೋ. ಇನ್ನೂ ಟೆರೇಸಲ್ಲೇ ಇದೆ. ಹೋದೆ.